ಯಾವ ವಾರ್ಡು ಎಂದು ಕೇಳುವ ಮೊದಲು

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಎಂಬತ್ತು ಹಾಸಿಗೆಗಳ ಖಾಸಗಿ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್. ಎರಡು ತಿಂಗಳ ಹಿಂದೆ ಒಂದು ರಾತ್ರಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯೊಬ್ಬರು ಬಂದರು. ಮೂತ್ರ ಕಟ್ಟಿತ್ತು, ಜ್ವರವೂ ಇತ್ತು. ಕೌಂಟರಿನಲ್ಲಿ ಆಧಾರ್ ಕಾರ್ಡಿನಲ್ಲಿದ್ದ ಗಂಡು ಹೆಸರನ್ನು ಮೂರು ಸಲ ಕೂಗಿದರು. ಗಂಡಸರ ವಾರ್ಡೋ ಹೆಂಗಸರ ವಾರ್ಡೋ ತೀರ್ಮಾನವಾಗದೆ ಎರಡು ಗಂಟೆ ಕಾರಿಡಾರಿನ ಸ್ಟ್ರೆಚರಿನ ಮೇಲೇ ಇಟ್ಟಿದ್ದರು. ಮೂತ್ರ ಹೊರತೆಗೆಯುವ ಟ್ಯೂಬ್, ಅಂದರೆ ಕ್ಯಾಥೆಟರ್ ಹಾಕಲು ಎರಡು ಸಲ ನೋಡಿ ಆಗಲಿಲ್ಲ. ಆ ಹೊತ್ತಿನಲ್ಲಿ ಕೆಲಸವಿಲ್ಲದ ಮೂವರು ಪರದೆಯೊಳಗೆ ಬಂದು ನಿಂತಿದ್ದರಂತೆ. ಬೆಳಗಿನ ಜಾವ ಅವರು ‘ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೇನೆ’ ಎಂದು ಸಹಿ ಹಾಕಿ ಹೊರಟುಹೋದರು. ನಾನು ಅಂದು ಡ್ಯೂಟಿಯಲ್ಲಿರಲಿಲ್ಲ. ವಿಚಾರಿಸಿದರೆ ಸಿಬ್ಬಂದಿ, ‘ನಾವು ಎಲ್ಲರನ್ನೂ ಒಂದೇ ಥರ ನೋಡ್ತೀವಿ’ ಎನ್ನುತ್ತಾರೆ. ‘ಬೇರೆ ಪೇಶಂಟುಗಳು ಗಲಾಟೆ ಮಾಡ್ತಾರೆ’, ‘ಎಚ್‌ಐವಿ ಇದ್ರೆ ನಮ್ಮ ಗತಿ ಏನು’, ‘ಕೇಳಿದ್ರೆ ಅವರಿಗೆ ಬೇಜಾರು, ಕೇಳದಿದ್ರೆ ಚಿಕಿತ್ಸೆ ಹೇಗೆ’ ಎಂಬ ಮಾತುಗಳೂ ಬಂದವು. ಆಡಳಿತ ಮಂಡಳಿ ಒಂದು ಗಂಟೆಯ ಲೆಕ್ಚರ್ ಇಡಿಸಿ ಎಂದಿದೆ. ಅದರಿಂದ ಏನಾದರೂ ಆಗುತ್ತದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಅದರಲ್ಲಿ ನೀವು ನೇರವಾಗಿ ಬರೆಯದ ಒಂದು ಭಯವಿದೆ: ಆಕೆ ಆಮೇಲೆ ಏನಾದರು? ಮೂತ್ರ ಕಟ್ಟಿ, ಜತೆಗೆ ಜ್ವರವೂ ಬಂದಿದ್ದರೆ ಅದು ತುರ್ತು ಸ್ಥಿತಿ. ಸೋಂಕು ರಕ್ತಕ್ಕೆ ಏರಬಹುದು, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಹಾಗಾಗಿ ಆ ರಾತ್ರಿ ನಡೆದದ್ದನ್ನು ‘ಸ್ವಲ್ಪ ಒರಟಾಗಿ ನಡೆದುಕೊಂಡರು’ ಎಂದು ಕಡತದಲ್ಲಿ ಬರೆದು ಮುಗಿಸಬೇಡಿ. ಅದು ಚಿಕಿತ್ಸೆಯಲ್ಲೇ ಆದ ಲೋಪ. ತರಬೇತಿಯನ್ನು ಈ ಮಾತಿನಿಂದ ಶುರು ಮಾಡಿದರೆ ಸಿಬ್ಬಂದಿ ಕಿವಿಗೊಡುತ್ತಾರೆ. ಯಾಕೆಂದರೆ ರೋಗಿ ಕೈತಪ್ಪಿ ಹೋಗುವುದು ಯಾವ ಒಳ್ಳೆಯ ಸಿಸ್ಟರಿಗೂ ಇಷ್ಟವಿರುವುದಿಲ್ಲ.

ಕ್ಯಾಥೆಟರ್ ಯಾಕೆ ಹೋಗಲಿಲ್ಲ ಎಂಬುದನ್ನೇ ತೆಗೆದುಕೊಳ್ಳಿ. ನಾನು ಆಕೆಯನ್ನು ಪರೀಕ್ಷಿಸಿಲ್ಲ, ಕಲ್ಲೂ ಇದ್ದಿರಬಹುದು. ಆದರೆ ಹಿಜಡಾ ಸಮುದಾಯದಲ್ಲಿ ನಿರ್ವಾಣ (ಗಂಡು ಜನನಾಂಗ ತೆಗೆಸುವುದು) ಮಾಡಿಸಿಕೊಂಡವರಲ್ಲಿ ವರ್ಷಗಳು ಕಳೆದಂತೆ ಮೂತ್ರದ್ವಾರ ಕಿರಿದಾಗಿ ಮೂತ್ರ ಕಟ್ಟುವುದನ್ನು ನಾನು ಹಲವು ಸಲ ನೋಡಿದ್ದೇನೆ. ಅಂಥ ಕಡೆ ಎಂದಿನ 16ನೇ ನಂಬರಿನ ಟ್ಯೂಬನ್ನು ತಳ್ಳಿದರೆ ಒಳಗೆ ಗಾಯವಾಗುತ್ತದೆ. 8 ಅಥವಾ 10ನೇ ನಂಬರಿನ ಸಣ್ಣದು ಬೇಕಾಗುತ್ತದೆ. ಅದೂ ಹೋಗದಿದ್ದರೆ ಬಲವಂತ ಮಾಡದೆ ಸರ್ಜನ್‌ಗೆ ಕರೆ ಕಳಿಸಬೇಕು. ಇದನ್ನೆಲ್ಲ ತಿಳಿಯಲು ಪರದೆ ಎಳೆದು, ಮೆಲುದನಿಯಲ್ಲಿ ಒಂದೇ ಪ್ರಶ್ನೆ ಕೇಳಿದ್ದರೆ ಸಾಕಿತ್ತು: ‘ಟ್ಯೂಬ್ ಹಾಕಬೇಕು, ಅದಕ್ಕೇ ಕೇಳ್ತಿದೀನಿ, ಈ ಭಾಗದಲ್ಲಿ ಮುಂಚೆ ಏನಾದ್ರೂ ಆಪರೇಶನ್ ಆಗಿದ್ಯಾ?’ ಮೂರು ಜನ ನೋಡುತ್ತ ನಿಂತಿದ್ದಾಗ ಆ ಪ್ರಶ್ನೆಗೆ ಯಾರು ತಾನೇ ಬಾಯಿ ಬಿಡುತ್ತಾರೆ? ಅವಮಾನ ಆದ ಕಡೆಯೇ ಮಾಹಿತಿಯೂ ಮುಚ್ಚಿಹೋಯಿತು.

‘ಕೇಳಿದ್ರೆ ಬೇಜಾರು, ಕೇಳದಿದ್ರೆ ಹೇಗೆ’ ಎಂಬ ಗೊಂದಲಕ್ಕೆ ಉತ್ತರ ಇಲ್ಲೇ ಇದೆ. ಇಂದಿನ ಚಿಕಿತ್ಸೆಗೆ ಬೇಕಾದದ್ದನ್ನು ಕೇಳಿ, ಯಾಕೆ ಕೇಳುತ್ತೀರೆಂದು ಮೊದಲೇ ಹೇಳಿ, ಮೂರನೆಯವರಿಗೆ ಕೇಳಿಸದಂತೆ ಕೇಳಿ. ಕೈ ಮುರಿದುಕೊಂಡು ಬಂದವರನ್ನು ‘ಆಪರೇಶನ್ ಆಗಿದ್ಯಾ, ಮನೆಯವರು ಏನಂದ್ರು, ಯಾವಾಗಿಂದ ಹೀಗೆ’ ಎಂದು ಕೇಳುವುದು ಬರೀ ಕುತೂಹಲ. ಅದೇ ವ್ಯಕ್ತಿ ಕಾಲು ಊದಿಕೊಂಡು ಉಸಿರು ಕಟ್ಟುತ್ತಿದೆ ಎಂದು ಬಂದರೆ, ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಲೇಬೇಕು. ವೈದ್ಯರ ಬಳಿ ಹೋಗಲು ಹೆದರಿ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆಗಳನ್ನು ತಂದು ದಿನಕ್ಕೆ ನಾಲ್ಕೈದು ನುಂಗುವವರಿದ್ದಾರೆ. ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಗಂಡು ಹಾರ್ಮೋನನ್ನು ತಡೆಯಲು ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಏರಬಹುದು. ಇಂಥ ನಾಲ್ಕಾರು ಉದಾಹರಣೆಗಳನ್ನು ಮುಂದಿಟ್ಟು, ‘ಇದು ಕೇಳಬೇಕಾದದ್ದೋ, ಕೇಳಬಾರದದ್ದೋ’ ಎಂದು ಸಿಬ್ಬಂದಿಯಿಂದಲೇ ಹೇಳಿಸಿ. ನನ್ನ ತರಬೇತಿಗಳಲ್ಲಿ ಎಲ್ಲರೂ ಬಾಯಿ ಬಿಟ್ಟು ವಾದ ಮಾಡುವುದು ಈ ಅರ್ಧ ಗಂಟೆಯಲ್ಲೇ.

ಇನ್ನು ಉಳಿದ ಮಾತುಗಳು. ‘ಎಲ್ಲರನ್ನೂ ಒಂದೇ ಥರ ನೋಡ್ತೀವಿ’ ಎಂದವರು ಸುಳ್ಳು ಹೇಳುತ್ತಿಲ್ಲ, ಅವರು ಹಾಗೆಂದೇ ನಂಬಿದ್ದಾರೆ. ಆದರೆ ನಿಮ್ಮ ಓಪಿ ಚೀಟಿ, ವಾರ್ಡು, ಶೌಚಾಲಯ, ಲ್ಯಾಬಿನ ನಾರ್ಮಲ್ ಮಿತಿಗಳು ಎಲ್ಲವೂ ಗಂಡು–ಹೆಣ್ಣು ಎಂಬ ಎರಡೇ ಖಾನೆಗಳ ಮೇಲೆ ನಿಂತಿವೆ. ಆ ಖಾನೆಗೆ ಹೊಂದದವರು ಬಂದಾಗ ಎಲ್ಲರಿಗೂ ಒಂದೇ ವ್ಯವಸ್ಥೆ ಎಂಬುದೇ ಅವರನ್ನು ಕಾರಿಡಾರಿನಲ್ಲಿ ಉಳಿಸುತ್ತದೆ.

ಎಚ್‌ಐವಿ ಬಗ್ಗೆ ಕೇಳಿದ ಸಿಸ್ಟರನ್ನು ಗದರಿಸಬೇಡಿ. ಸೂಜಿ ಚುಚ್ಚಿಕೊಂಡ ಭಯ ಏನೆಂದು ನನಗೆ ಗೊತ್ತು, ನಾನೂ ಹೌಸ್‌ಮನ್ ಆಗಿದ್ದಾಗ ಚುಚ್ಚಿಕೊಂಡಿದ್ದೇನೆ. ಆದರೆ ಸೋಂಕು ಬರುವುದು ಸೂಜಿಯಿಂದ, ರೋಗಿಯ ಗುರುತಿನಿಂದಲ್ಲ. ಮುಖ ನೋಡಿ ಗ್ಲೌಸ್ ಹಾಕುವವರು, ಪಕ್ಕದ ಹಾಸಿಗೆಯ ‘ಮರ್ಯಾದಸ್ಥ’ ರೋಗಿಯಿಂದಲೇ ಸೋಂಕು ಹತ್ತಿಸಿಕೊಳ್ಳಬಹುದು. ಎಲ್ಲ ರೋಗಿಗಳ ರಕ್ತಕ್ಕೂ ಒಂದೇ ಎಚ್ಚರಿಕೆ ಸಾಕು. ಚುಚ್ಚಿಕೊಂಡರೆ ತಡೆ ಔಷಧಿಯನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವಾದರೂ 72 ಗಂಟೆ ಮೀರದಂತೆ ಶುರು ಮಾಡಬೇಕು. 2017ರ ಎಚ್‌ಐವಿ ಕಾಯ್ದೆಯಲ್ಲಿ ಎರಡೂ ಇವೆ: ರೋಗಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ ಮತ್ತು ತಡೆ ಔಷಧಿ ಒದಗಿಸುವುದು ಸಂಸ್ಥೆಯ ಹೊಣೆ. ನಿಮ್ಮಲ್ಲಿ ಆ ಔಷಧಿ ರಾತ್ರಿ ಎರಡು ಗಂಟೆಗೆ ಯಾರ ಬಳಿ ಸಿಗುತ್ತದೆ? ಮೊದಲು ಅದನ್ನು ಗೋಡೆಗೆ ಬರೆದು ಅಂಟಿಸಿ. ಭಯಕ್ಕೆ ಉತ್ತರ ಸಿಕ್ಕ ಮೇಲೆ ಉಪದೇಶವೇ ಬೇಕಾಗುವುದಿಲ್ಲ.

‘ಇದು ಕಾಯಿಲೆ, ವಾಸಿ ಮಾಡಬಹುದು’ ಎಂದು ನಿಮ್ಮಲ್ಲಿ ಯಾರೂ ಹೇಳಲಿಲ್ಲವೆಂದು ಕಾಣುತ್ತದೆ, ಆದರೆ ಹಿರಿಯ ವೈದ್ಯರೊಬ್ಬರಾದರೂ ಹೇಳುತ್ತಾರೆ, ಸಿದ್ಧವಾಗಿರಿ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. 2022ರಲ್ಲಿ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಲಿಂಗತ್ವದ ಭಿನ್ನತೆಯೂ ಮನೋರೋಗಗಳ ಅಧ್ಯಾಯದಲ್ಲಿಲ್ಲ. 2018ರಲ್ಲಿ ಭಾರತೀಯ ಮನೋವೈದ್ಯರ ಸಂಘವೂ ಸಲಿಂಗ ಆಕರ್ಷಣೆ ಕಾಯಿಲೆಯಲ್ಲ ಎಂದಿತು. ‘ಬದಲಾಯಿಸುವ’ ಚಿಕಿತ್ಸೆಯನ್ನು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ವೃತ್ತಿ ದುರ್ನಡತೆ ಎಂದು ಸಾರಿತು. ಹಾಗಾದರೆ ನಮ್ಮ ವೈದ್ಯರ ತಲೆಯಲ್ಲಿ ಹಳೆಯದೇ ಯಾಕೆ ಉಳಿದಿದೆ? ಪುಸ್ತಕದಲ್ಲಿ ಹಾಗೇ ಇತ್ತು, ಅದಕ್ಕೆ. ನಾನು ಓದಿದ ನ್ಯಾಯವೈದ್ಯಕೀಯ ಪಠ್ಯದಲ್ಲಿ ಇವರೆಲ್ಲ ‘ಅಸ್ವಾಭಾವಿಕ ಅಪರಾಧ’ದ ಅಧ್ಯಾಯದಲ್ಲಿದ್ದರು, ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾದೆ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಒಟ್ಟಿಗೆ ಬದುಕಲು ರಕ್ಷಣೆ ಕೇಳಿದ ಇಬ್ಬರು ಹೆಣ್ಣುಮಕ್ಕಳ ಪ್ರಕರಣ ಎದುರಿಗೆ ಬಂದಾಗ, ತಮಗೇ ಈ ವಿಷಯ ಸರಿಯಾಗಿ ತಿಳಿಯದೆಂದು ಒಪ್ಪಿಕೊಂಡು ಆಪ್ತಸಮಾಲೋಚಕರ ಬಳಿ ಕುಳಿತು ಕಲಿತರು, ಆಮೇಲೆ ಆದೇಶ ಕೊಟ್ಟರು. ಪಠ್ಯ ತಿದ್ದುವ ಕೆಲಸಕ್ಕೆ ಒತ್ತಾಸೆಯಾದದ್ದು ಆ ಆದೇಶ. ಆದರೂ 2024ರ ಆಗಸ್ಟಿನಲ್ಲಿ ಬಂದ ಪಠ್ಯಕ್ರಮದಲ್ಲಿ ಹಳೆಯ ಸಾಲುಗಳು ಮತ್ತೆ ತೂರಿಕೊಂಡವು. ವಿರೋಧ ಬಂದ ಮೇಲೆ ಸೆಪ್ಟೆಂಬರಿನಲ್ಲಿ ವಾಪಸ್ ಪಡೆದರು. ನಿಮ್ಮ ಡ್ಯೂಟಿ ಡಾಕ್ಟರುಗಳಿಗೆ ಇದನ್ನು ಹೇಳಿ: ತಪ್ಪು ಕಲಿಸಲಾಗಿತ್ತು, ಈಗ ತಿದ್ದಿಕೊಳ್ಳೋಣ. ಆ ನ್ಯಾಯಮೂರ್ತಿಗಳ ಕಥೆಯನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ, ಹಿರಿಯರು ಬಿಗುಮಾನ ಬಿಡಲು ಅದು ದಾರಿ ಮಾಡಿಕೊಡುತ್ತದೆ.

‘ಬೇರೆ ಪೇಶಂಟುಗಳು ಗಲಾಟೆ ಮಾಡ್ತಾರೆ’ ಎಂಬುದು ಪೂರ್ತಿ ಸುಳ್ಳಲ್ಲ. ಆದರೆ ನಾನು ಕಂಡಂತೆ ವಾರ್ಡಿನ ಜನ ಸಿಸ್ಟರ್ ಮುಖ ನೋಡುತ್ತಾರೆ. ಸಿಸ್ಟರ್ ನಕ್ಕರೆ ಅವರೂ ನಗುತ್ತಾರೆ. ಸಿಸ್ಟರ್ ಸಹಜವಾಗಿ ‘ಅಮ್ಮಾ, ಬಿಪಿ ನೋಡ್ತೀನಿ’ ಎಂದು ಮುಂದೆ ಹೋದರೆ, ಹತ್ತು ನಿಮಿಷದಲ್ಲಿ ಪಕ್ಕದ ಹಾಸಿಗೆಯ ಅಜ್ಜಿ ಊಟ ಆಯ್ತಾ ಎಂದು ಕೇಳುತ್ತಿರುತ್ತಾರೆ. ಯಾರಾದರೂ ತಕರಾರು ತೆಗೆದರೆ, ತಕರಾರು ತೆಗೆದವರಿಗೆ ಬೇರೆ ಹಾಸಿಗೆ ಕೊಡಬಹುದು. ರೋಗಿಯನ್ನು ಎಬ್ಬಿಸಬೇಡಿ.

ಹಾಗಾದರೆ ಯಾವ ವಾರ್ಡು? ಅವರನ್ನೇ ಕೇಳಿ. ತಮ್ಮ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಅವರದೇ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಹೇಳಿತು. ಚಿಕಿತ್ಸೆ ನಿರಾಕರಿಸುವುದು, ಅರ್ಧಕ್ಕೆ ನಿಲ್ಲಿಸುವುದು, ಭೇದ ಮಾಡುವುದು ಇವನ್ನು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ನಿಷೇಧಿಸುತ್ತದೆ. ಪ್ರತಿ ಸಂಸ್ಥೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕೆಂಬುದೂ ಆ ಕಾಯ್ದೆಯಲ್ಲೇ ಇದೆ. ಹೆಣ್ಣಾಗಿ ಬದುಕುವವರು ಸಾಮಾನ್ಯವಾಗಿ ಹೆಂಗಸರ ವಾರ್ಡನ್ನೇ ಕೇಳುತ್ತಾರೆ. ನರ್ಸಿಂಗ್ ಸ್ಟೇಶನ್ ಹತ್ತಿರದ, ಪರದೆಯಿರುವ ಹಾಸಿಗೆ ಕೊಟ್ಟರೆ ಅವರಿಗೂ ಧೈರ್ಯ. ಒಂಟಿ ಕೋಣೆ ಕೊಡುವುದು ಸುಲಭದ ದಾರಿ ಎನಿಸುತ್ತದೆ. ಅದರಲ್ಲಿ ಎರಡು ಅಪಾಯವಿದೆ. ಬಾಡಿಗೆ ವ್ಯತ್ಯಾಸ ಯಾರ ತಲೆಗೆ? ಅವರು ಕೇಳದೆ ಕೊಟ್ಟ ಕೋಣೆಗೆ ಹೆಚ್ಚಿನ ಹಣ ಹಾಕಿದರೆ ಅದು ದಂಡವಾಗುತ್ತದೆ. ಮತ್ತೆ, ಸಾಂಕ್ರಾಮಿಕ ರೋಗಿಯಂತೆ ಮೂಲೆಗೆ ಹಾಕಿದರೆ ರಾತ್ರಿ ಅಲ್ಲಿಗೆ ಯಾರೂ ಸುಳಿಯುವುದಿಲ್ಲ, ಡ್ರಿಪ್ ಮುಗಿದದ್ದೂ ಗೊತ್ತಾಗುವುದಿಲ್ಲ. ಅವರೇ ಬಯಸಿದರೆ ಕೋಣೆ ಕೊಡಿ. ಹಾಸಿಗೆ ಖಾಲಿಯಿಲ್ಲದ ರಾತ್ರಿಗೂ ಒಂದು ನಿಯಮ ಬರೆದಿಡಿ: ತೀರ್ಮಾನ ಹದಿನೈದು ನಿಮಿಷದಲ್ಲಿ ಆಗಬೇಕು, ಮಾಡುವವರು ಆ ಪಾಳಿಯ ಇನ್‌ಚಾರ್ಜ್ ಸಿಸ್ಟರ್, ಅಷ್ಟರಲ್ಲಿ ಚಿಕಿತ್ಸೆ ಶುರುವಾಗಿರಬೇಕು. ಎರಡು ಗಂಟೆ ಹೋದದ್ದು ದ್ವೇಷದಿಂದಲ್ಲ ಎಂದೇ ನನ್ನ ಅನಿಸಿಕೆ. ತೀರ್ಮಾನ ಯಾರದು ಎಂದು ಯಾರಿಗೂ ಗೊತ್ತಿರಲಿಲ್ಲ.

ಈಗ ತರಬೇತಿಗೆ ಬರುತ್ತೇನೆ. ಒಂದು ಗಂಟೆಯ ಲೆಕ್ಚರ್ ಬೇಡವೆನ್ನುವುದಿಲ್ಲ, ಆದರೆ ಅದೊಂದೇ ಆದರೆ ಹಾಜರಿ ಪುಸ್ತಕದ ಸಹಿಗಳಷ್ಟೇ ಉಳಿಯುತ್ತವೆ. ನಾನು ಮೊದಲ ವರ್ಷಗಳಲ್ಲಿ ಆ ತಪ್ಪು ಮಾಡಿದ್ದೇನೆ: ಎಲ್‌ಜಿಬಿಟಿಕ್ಯೂ ಅಕ್ಷರಗಳಿಗೆ ಒಂದೊಂದಕ್ಕೂ ಅರ್ಥ ಬರೆದ ಸ್ಲೈಡುಗಳನ್ನು ತೋರಿಸಿ, ಎಲ್ಲರಿಗೂ ಗೊತ್ತಾಯಿತೆಂದು ಮನೆಗೆ ಹೋದೆ. ಮರುದಿನ ಅದೇ ಆಸ್ಪತ್ರೆಯ ಗೇಟಿನಲ್ಲಿ ಸೆಕ್ಯೂರಿಟಿಯವರು ಇಬ್ಬರನ್ನು ‘ಇಲ್ಲಿ ಕಲೆಕ್ಷನ್ ಇಲ್ಲ, ಹೋಗಿ’ ಎಂದು ವಾಪಸ್ ಕಳಿಸಿದ್ದರು. ಅವರು ಬಂದದ್ದು ಟಿಬಿ ಮಾತ್ರೆಗೆ. ಸೆಕ್ಯೂರಿಟಿಯವರನ್ನು ನಾವು ತರಬೇತಿಗೆ ಕರೆದೇ ಇರಲಿಲ್ಲ.

ಆದ್ದರಿಂದ ಗೇಟಿನಿಂದ ಶುರು ಮಾಡಿ. ಸೆಕ್ಯೂರಿಟಿ, ಓಪಿ ಕೌಂಟರ್, ಆಯಾ, ವಾರ್ಡ್ ಬಾಯ್, ಲ್ಯಾಬ್, ಎಕ್ಸ್‌ರೇ, ಆಮೇಲೆ ಸಿಸ್ಟರ್‌ಗಳು, ಕೊನೆಗೆ ಡಾಕ್ಟರುಗಳು. ಗುತ್ತಿಗೆಯವರು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಹಾಗಾಗಿ ಸೇರಿದ ವಾರದಲ್ಲೇ ಹದಿನೈದು ನಿಮಿಷ ಹೇಳಿಕೊಡುವ ಪದ್ಧತಿ ಬೇಕು. ರಾತ್ರಿ ಪಾಳಿಯವರನ್ನು ಬಿಡಬೇಡಿ, ನಿಮ್ಮ ಘಟನೆ ನಡೆದದ್ದೇ ರಾತ್ರಿ.

ಕೌಂಟರಿನವರಿಗೆ ಕಲಿಸಬೇಕಾದದ್ದು ಕಡಿಮೆ. ಚೀಟಿಯಲ್ಲಿ ‘ಕರೆಯುವ ಹೆಸರು’ ಎಂಬ ಒಂದು ಗೆರೆ ಸೇರಿಸಿ. ಬಿಲ್ಲಿಗೆ, ವಿಮೆಗೆ ಆಧಾರ್ ಹೆಸರು ಇರಲಿ. ಕೂಗಿ ಕರೆಯುವುದು ಆ ಗೆರೆಯಲ್ಲಿದ್ದ ಹೆಸರನ್ನು, ಇಲ್ಲವೇ ಟೋಕನ್ ನಂಬರನ್ನು. ಮಾತಿನ ವಿಷಯದಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡಿದೆ. ‘ಬಂದಿದ್ದಾನೆ’, ‘ಬಂದಿದ್ದಾಳೆ’ ಎಂದಾಗ ತಾನೇ ಎಡವುವುದು? ‘ಅವರು ಬಂದಿದ್ದಾರೆ’, ‘ಬನ್ನಿ’, ‘ಕೂತ್ಕೊಳ್ಳಿ’ ಎಂದರೆ ಗಂಡು ಹೆಣ್ಣಿನ ಪ್ರಶ್ನೆಯೇ ಬರುವುದಿಲ್ಲ, ಮರ್ಯಾದೆಯೂ ಆಯಿತು. ಅವರನ್ನು ಚುಚ್ಚುವುದು ‘ಬಂದಿದೆ’. ‘ಸಿಸ್ಟರ್, ಒಂದು ಬಂದಿದೆ ನೋಡಿ’ ಎಂಬ ಮಾತನ್ನು ನಾನು ಎಷ್ಟೋ ವಾರ್ಡುಗಳಲ್ಲಿ ಕೇಳಿದ್ದೇನೆ. ಹೇಳಿದವರಿಗೆ ಅದು ನೆನಪೂ ಇರುವುದಿಲ್ಲ, ಕೇಳಿಸಿಕೊಂಡವರು ಮರೆಯುವುದಿಲ್ಲ. ‘ಒಂಬತ್ತು’, ‘ಚಕ್ಕಾ’ ಎಂಬ ಬೈಗುಳಗಳ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಸಂದೇಹವಿದ್ದರೆ ‘ನಿಮ್ಮನ್ನ ಏನಂತ ಕರೀಲಿ?’ ಎಂದು ಕೇಳಿದರೆ ಯಾರೂ ಬೇಸರ ಪಟ್ಟದ್ದನ್ನು ನಾನು ಕಂಡಿಲ್ಲ.

ಸಮುದಾಯದವರನ್ನೇ ಕರೆಸಿ ಮಾತಾಡಿಸಬಹುದೇ ಎಂದು ನೀವು ಮುಂದೆ ಕೇಳುತ್ತೀರಿ. ಕರೆಸಲೇಬೇಕು, ಅದಕ್ಕಿಂತ ಗಟ್ಟಿಯಾದ ಪಾಠವಿಲ್ಲ. ಆದರೆ ಒಬ್ಬರನ್ನೇ ವೇದಿಕೆಗೆ ಹತ್ತಿಸಿ ‘ನಿಮ್ಮ ಕಥೆ ಹೇಳಿ’ ಎಂದರೆ, ಕಾರಿಡಾರಿನಲ್ಲಿ ಆದದ್ದೇ ಸಭಾಂಗಣದಲ್ಲೂ ಆಗುತ್ತದೆ: ನಲವತ್ತು ಜನ ನೋಡುವುದು, ಒಬ್ಬರು ನೋಡಿಸಿಕೊಳ್ಳುವುದು. ಇಬ್ಬರನ್ನಾದರೂ ಕರೆಯಿರಿ, ವೈದ್ಯರಿಗೆ ಕೊಡುವಷ್ಟೇ ಗೌರವಧನ ಕೊಡಿ, ದೇಹದ ಬಗ್ಗೆ ಪ್ರಶ್ನೆ ಬೇಡವೆಂದು ಮೊದಲೇ ಹೇಳಿ. ನಾನು ಮಾಡಿಸುವುದು ಬೇರೆ: ಅವರನ್ನು ನಿಮ್ಮ ಆಸ್ಪತ್ರೆಯಲ್ಲಿ ಗೇಟಿನಿಂದ ವಾರ್ಡಿನವರೆಗೆ ನಡೆಸಿಕೊಂಡು ಬನ್ನಿ, ಎಲ್ಲೆಲ್ಲಿ ಕಾಲು ಹಿಂದೇಟು ಹಾಕುತ್ತದೆ ಎಂದು ತೋರಿಸಲಿ. ಆಗ ಪರೀಕ್ಷೆಗೆ ಒಳಗಾಗುವುದು ಆಸ್ಪತ್ರೆ. ಉತ್ತರ ಕರ್ನಾಟಕದ ಕಡೆಯ, ಯಲ್ಲಮ್ಮನ ಸೇವೆಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪ ಒಬ್ಬರು ಒಮ್ಮೆ ನಮಗೆ ಹೇಳಿದ್ದು ಇಂದಿಗೂ ನೆನಪಿದೆ. ಆಪರೇಶನ್‌ಗೆ ಮುಂಚೆ ಸಿಸ್ಟರ್ ಅವರ ಕೊರಳಿನ ಯಲ್ಲಮ್ಮನ ಮುತ್ತನ್ನು ಕೇಳದೆ ಕತ್ತರಿಸಿಬಿಟ್ಟಿದ್ದರು. ‘ತಾಳಿಯಾಗಿದ್ರ ಕೇಳ್ತಿದ್ರಿಲ್ಲೋ’ ಎಂದರು. ಹೌದು, ತಾಳಿಯಾಗಿದ್ದರೆ ಕೇಳುತ್ತಿದ್ದೆವು, ಟೇಪು ಸುತ್ತುತ್ತಿದ್ದೆವು. ಆ ಒಂದು ಮಾತು ಸಿಸ್ಟರ್‌ಗಳಿಗೆ ಮುಟ್ಟಿದಷ್ಟು ನನ್ನ ಯಾವ ಸ್ಲೈಡೂ ಮುಟ್ಟಿರಲಿಲ್ಲ.

ಇಷ್ಟು ಹೊತ್ತು ಕಣ್ಣಿಗೆ ಕಾಣುವವರ ಬಗ್ಗೆಯೇ ಮಾತಾಡಿದೆವು. ಕಾಣದವರೇ ಹೆಚ್ಚು. ‘ಮದುವೆ ಆಗಿದ್ಯಾ?’ ಎಂಬ ಒಂದು ಪ್ರಶ್ನೆಯಿಂದ ನಾವು ಲೈಂಗಿಕ ಜೀವನವನ್ನೆಲ್ಲ ಊಹಿಸಿಬಿಡುತ್ತೇವೆ. ಮದುವೆಯಾಗಿ ಇಬ್ಬರು ಮಕ್ಕಳಿರುವ ಗಂಡಸು ಗುದದ್ವಾರದ ಹುಣ್ಣನ್ನು ಪೈಲ್ಸ್ ಎಂದೇ ಹೇಳಿ ಮುಲಾಮು ತೆಗೆದುಕೊಂಡು ಹೋಗುತ್ತಾನೆ. ಹೆಣ್ಣನ್ನೇ ಪ್ರೀತಿಸುವ ಹೆಣ್ಣಿಗೆ ಗರ್ಭಕೊರಳಿನ ಪರೀಕ್ಷೆ ಬೇಡವೆಂದು ನಾವೇ ತೀರ್ಮಾನಿಸುತ್ತೇವೆ; ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಹರಡಲು ಗಂಡಸೇ ಬೇಕೆಂದಿಲ್ಲ. ಗಂಡಾಗಿ ಬದುಕುವ, ಟೆಸ್ಟೋಸ್ಟಿರೋನ್ ತೆಗೆದುಕೊಳ್ಳುವ ಟ್ರಾನ್ಸ್ ಪುರುಷನಿಗೆ ಮುಟ್ಟು ನಿಂತಿದೆ, ಹಾಗಾಗಿ ಗರ್ಭ ನಿಲ್ಲುವುದಿಲ್ಲ ಎಂದುಕೊಳ್ಳುವುದು ತಪ್ಪು. ಆ ಔಷಧಿ ಗರ್ಭನಿರೋಧಕವಲ್ಲ. ಗಡ್ಡವಿರುವ ಆತ ಸ್ತ್ರೀರೋಗ ವಿಭಾಗದ ಬೆಂಚಿನ ಮೇಲೆ ಕೂತು ಕಾಯುವುದು ಎಷ್ಟು ಕಷ್ಟ ಯೋಚಿಸಿ, ಓಪಿಯ ಮೊದಲ ಅಥವಾ ಕೊನೆಯ ಸರದಿ ಕೊಡಿ. ‘ಮದುವೆ ಆಗಿದ್ಯಾ’ ಬದಲು ‘ಸಂಗಾತಿ ಇದಾರಾ? ಗಂಡಸಾ, ಹೆಂಗಸಾ, ಎರಡೂನಾ? ಎಲ್ಲರನ್ನೂ ಹೀಗೇ ಕೇಳ್ತೀವಿ’ ಎನ್ನುವುದನ್ನು ಡಾಕ್ಟರುಗಳಿಗೆ ಬಾಯಿಪಾಠ ಮಾಡಿಸಿ. ಮೊದಲ ವಾರ ನಾಲಿಗೆ ತೊದಲುತ್ತದೆ, ಆಮೇಲೆ ಬಿಪಿ ಕೇಳಿದಷ್ಟೇ ಸಲೀಸು.

ರೂಮ್‌ಮೇಟ್, ಕಸಿನ್ ಎಂದು ಹೇಳಿಕೊಂಡು ಜೊತೆಗಿರುವ ಸಂಗಾತಿಗಳ ವಿಷಯವೂ ಇದೆ. ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಆಪರೇಶನ್‌ಗೆ ಬೇಕಾದದ್ದು ರೋಗಿಯದೇ ಒಪ್ಪಿಗೆ. ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಾಲದೆಂದು ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ಹೇಳಿದೆ. ‘ರಕ್ತಸಂಬಂಧಿ ಬರೋವರೆಗೆ ಓಟಿಗೆ ತಗೊಳ್ಳಲ್ಲ’ ಎಂಬುದು ನಮ್ಮ ಅಭ್ಯಾಸ. ರೋಗಿ ತಾನೇ ಯಾರ ಹೆಸರು ಬರೆಸುತ್ತಾರೋ ಅವರನ್ನೇ ಅಟೆಂಡರ್ ಎಂದು ದಾಖಲಿಸಿ. ಬಂಧುಗಳಿಗೆ ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನೂ ದಾಖಲಾಗುವಾಗಲೇ ಕೇಳಿ ಬರೆದುಕೊಳ್ಳಿ. ಊರಿನಿಂದ ಬಂದ ಅಣ್ಣನಿಗೆ ಸಿಸ್ಟರ್ ಆಡಿದ ಒಂದು ಮಾತಿನಿಂದ ಮನೆ, ಕೆಲಸ ಎರಡನ್ನೂ ಕಳೆದುಕೊಂಡವರನ್ನು ನಾನು ಬಲ್ಲೆ. ಪಾಳಿ ಬದಲಾಗುವಾಗ ಹಾಸಿಗೆ ಪಕ್ಕದಲ್ಲೇ ರೋಗಿಯ ವಿವರ ಹೇಳುವ ಹ್ಯಾಂಡ್‌ಓವರ್, ಬೋರ್ಡಿನ ಬರಹ, ಸಿಬ್ಬಂದಿಯ ವಾಟ್ಸಾಪ್ ಗುಂಪು, ಈ ಮೂರರ ಮೇಲೆ ಕಣ್ಣಿಡಿ. ರೋಗಿಯ ಫೋಟೋ ತೆಗೆದವರಿಗಂತೂ ಬುದ್ಧಿವಾದ ಸಾಲದು, ಶಿಸ್ತುಕ್ರಮವೇ ಆಗಬೇಕು.

ಕೆಲವರು ಧರ್ಮದ, ನಂಬಿಕೆಯ ಮಾತು ತೆಗೆಯುತ್ತಾರೆ. ಅವರ ನಂಬಿಕೆ ಬದಲಿಸುವ ಕೆಲಸಕ್ಕೆ ನೀವು ಇಳಿಯಬೇಡಿ. ಕುಡಿದು ಬಿದ್ದು ಗಾಯವಾದವರಿಗೂ, ಹೆಂಡತಿಗೆ ಹೊಡೆದು ಬಂದವರಿಗೂ ಹೊಲಿಗೆ ಹಾಕುವ ಕೈಗಳು ಅವು. ಡ್ಯೂಟಿಯಲ್ಲಿ ಅದೇ ನಡವಳಿಕೆ ಸಾಕು ಎಂದು ಹೇಳಿ. ಇನ್ನೊಂದು ಮಾತು ಅವರಿಗೆ ತಿಳಿದಿರಲಿ: ಟೀ ಕುಡಿಯುವಾಗ ಆಡುವ ತಮಾಷೆಗಳನ್ನು ಕೇಳಿಸಿಕೊಂಡು ಸುಮ್ಮನಿರುವ ನಿಮ್ಮದೇ ಸಿಬ್ಬಂದಿಯಲ್ಲಿ ಒಬ್ಬಿಬ್ಬರು ಅಂಥವರೇ ಇರಬಹುದು. ನನ್ನ ತರಬೇತಿ ಮುಗಿದ ಮೇಲೆ ಲಿಫ್ಟಿನ ಬಳಿ ಕಾದು ನಿಂತು ‘ಥ್ಯಾಂಕ್ಸ್ ಮೇಡಂ’ ಎಂದಷ್ಟೇ ಹೇಳಿ ಓಡಿಹೋದ ಹುಡುಗನೊಬ್ಬನಿದ್ದಾನೆ. ಅವನು ಓಟಿ ಟೆಕ್ನೀಶಿಯನ್.

ತರಬೇತಿ ಫಲಿಸಿತೋ ಇಲ್ಲವೋ ಎಂದು ಪರೀಕ್ಷೆ ಬರೆಸಿ ತಿಳಿಯಬೇಡಿ. ಮೂರು ತಿಂಗಳ ನಂತರ ಅದೇ ಇಬ್ಬರನ್ನು ಮತ್ತೆ ಗೇಟಿನಿಂದ ನಡೆಸಿ. ಅರ್ಧದಲ್ಲಿ ಸಹಿ ಹಾಕಿ ಹೊರಟವರ ಕಡತಗಳನ್ನು ತಿಂಗಳಿಗೊಮ್ಮೆ ನೀವೇ ನೋಡಿ, ಅಲ್ಲೇ ಎಲ್ಲ ಗೊತ್ತಾಗುತ್ತದೆ.

ಇವೆಲ್ಲಕ್ಕೂ ಮೊದಲು ಒಂದು ಕೆಲಸವಿದೆ. ಆಕೆಯ ಫೋನ್ ನಂಬರು ನಿಮ್ಮ ಕಡತದಲ್ಲಿ ಇರುತ್ತದೆ. ಕೌಂಟರಿನಿಂದ ಮಾಡಿಸಬೇಡಿ, ಮನೆಗೂ ಹೋಗಬೇಡಿ; ನೀವೇ ಫೋನ್ ಮಾಡಿ. ಬೇರೆಯವರು ಎತ್ತಿದರೆ ಆಸ್ಪತ್ರೆಯ ಹೆಸರಾಗಲಿ ಕಾರಣವಾಗಲಿ ಹೇಳದೆ ಇಟ್ಟುಬಿಡಿ. ಆಕೆಯೇ ಎತ್ತಿದರೆ ಅಂದು ಆದದ್ದು ತಪ್ಪು ಎಂದು ಹೇಳಿ, ಚಿಕಿತ್ಸೆ ಎಲ್ಲಾದರೂ ಸಿಕ್ಕಿತೇ ಎಂದು ಕೇಳಿ. ಇನ್ನೂ ತೊಂದರೆಯಿದ್ದರೆ ಯೂರಾಲಜಿಸ್ಟ್ ಇರುವ ದಿನ, ನೀವು ಡ್ಯೂಟಿಯಲ್ಲಿರುವ ಹೊತ್ತಿಗೆ ಬರಹೇಳಿ, ಫೀಸು ಬೇಡವೆನ್ನಿ. ನಮ್ಮವರಿಗೆ ಬಂದು ಪಾಠ ಹೇಳಿ ಎಂದು ಆಕೆಯನ್ನು ಕೇಳಬೇಡಿ. ಆಕೆ ಬೈದರೆ ಪೂರ್ತಿ ಕೇಳಿಸಿಕೊಳ್ಳಿ. ಬರುವುದಿಲ್ಲ ಎಂದರೆ, ಬೇರೆ ಯಾವ ಡಾಕ್ಟರ ಬಳಿ ಹೋಗಬಹುದೆಂದು ಹೆಸರು ಹೇಳಿ, ಅವರಿಗೂ ಒಂದು ಮಾತು ಹೇಳಿಡಿ.